ನೇಕೆಡ್ ಗನ್: ಆರೇ ಕಂತಿಗೆ ನಿಂತ ಸೀರಿಯಲ್ ಸಿನಿಮಾ ಆದದ್ದು ಹೇಗೆ? (ಪದೇ ಪದೇ ಕೇಳುವ ಪ್ರಶ್ನೆಗಳು)

2025ರಲ್ಲಿ ಲಿಯಾಮ್ ನೀಸನ್ ನಟಿಸಿದ ಹೊಸ ಪೊಲೀಸ್ ಕಾಮಿಡಿ 'ನೇಕೆಡ್ ಗನ್' ಬಂದಾಗಿನಿಂದ ಗೆಳೆಯರ ಬಳಗದಲ್ಲಿ ಒಂದೇ ಸಮನೆ ಪ್ರಶ್ನೆ. ಹಳೇದನ್ನು ಮೊದಲು ನೋಡಬೇಕಾ? ಅದು ಸೀರಿಯಲ್ ಆಗಿತ್ತಂತೆ, ಹೌದಾ? ಆ ಬೆಳ್ಳಿ ಕೂದಲಿನ ಮನುಷ್ಯ ಯಾರು? ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದು ಹಾಕಿದ್ದೇನೆ. 1988ರ ಸಿನಿಮಾದ ಕಥೆ ಅಲ್ಲಲ್ಲಿ ಬಯಲಾಗುತ್ತದೆ. ಪರವಾಗಿಲ್ಲ, ಈ ಸಿನಿಮಾವನ್ನು ಕಥೆಗೋಸ್ಕರ ನೋಡಿದವರು ಇವತ್ತಿನವರೆಗೂ ನನಗೆ ಸಿಕ್ಕಿಲ್ಲ.

ಇದು ಯಾವ ಸೀರಿಯಲ್‌ನಿಂದ ಬಂದ ಸಿನಿಮಾ?

ಸೀರಿಯಲ್ ಹೆಸರು 'ಪೊಲೀಸ್ ಸ್ಕ್ವಾಡ್!'. ಕೊನೆಯಲ್ಲಿರುವ ಆಶ್ಚರ್ಯಸೂಚಕ ಚಿಹ್ನೆಯೂ ಹೆಸರಿನದೇ ಭಾಗ. ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 1982ರ ಮಾರ್ಚ್ 4ರಂದು ಶುರುವಾಯಿತು. ನಾಲ್ಕು ಕಂತು ಬಂತು, ನಿಲ್ಲಿಸಿಬಿಟ್ಟರು. ಶೂಟಿಂಗ್ ಮುಗಿದು ಡಬ್ಬದಲ್ಲಿ ಕೂತಿದ್ದ ಇನ್ನೆರಡು ಕಂತನ್ನು ಬೇಸಿಗೆಯಲ್ಲಿ, ಯಾರೂ ಟಿವಿ ನೋಡದ ಕಾಲದಲ್ಲಿ, ಹಾಕಿ ಕೈ ತೊಳೆದುಕೊಂಡರು. ಒಟ್ಟು ಆರೇ ಆರು ಕಂತು. ಎಲ್ಲ ಸೇರಿಸಿದರೂ ಒಂದು ದೊಡ್ಡ ಸಿನಿಮಾದಷ್ಟು ಉದ್ದವಿಲ್ಲ.

ಆರು ವರ್ಷ ಕಳೆದ ಮೇಲೆ, 1988ರ ಡಿಸೆಂಬರ್ 2ರಂದು, ಅದೇ ಪತ್ತೇದಾರ ಫ್ರ್ಯಾಂಕ್ ಡ್ರೆಬಿನ್, ಅದೇ ಬೆಳ್ಳಿ ಕೂದಲಿನ ನಟ ಲೆಸ್ಲಿ ನೀಲ್ಸನ್, ಅದೇ ಟ್ಯೂನು ದೊಡ್ಡ ಪರದೆಗೆ ಬಂತು. ಪೂರ್ತಿ ಹೆಸರು 'ದಿ ನೇಕೆಡ್ ಗನ್: ಫ್ರಮ್ ದಿ ಫೈಲ್ಸ್ ಆಫ್ ಪೊಲೀಸ್ ಸ್ಕ್ವಾಡ್!'. ಅಂದರೆ ಸತ್ತ ಸೀರಿಯಲ್ಲಿನ ಹೆಸರನ್ನು ಬಾಲದಂತೆ ಕಟ್ಟಿಕೊಂಡೇ ಬಂತು. ಅಮೆರಿಕ ಒಂದರಲ್ಲೇ 7.8 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು.

ಮಾಡಿದವರು ಯಾರು?

ಮೂವರು ಗೆಳೆಯರು. ಜಿಮ್ ಅಬ್ರಹಾಮ್ಸ್, ಮತ್ತೆ ಅಣ್ಣ ತಮ್ಮಂದಿರಾದ ಡೇವಿಡ್ ಝಕರ್, ಜೆರ್ರಿ ಝಕರ್. ಮೂವರೂ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಕಡೆಯವರು. ಮ್ಯಾಡಿಸನ್ ಊರಿನಲ್ಲಿ ಸಣ್ಣದೊಂದು ನಾಟಕ ತಂಡ ಕಟ್ಟಿಕೊಂಡು ಟಿವಿ ಜಾಹೀರಾತು, ನ್ಯೂಸು, ಸಿನಿಮಾ ಎಲ್ಲವನ್ನೂ ಅಣಕ ಮಾಡುತ್ತಾ ಬೆಳೆದವರು. 1980ರಲ್ಲಿ 'ಏರ್‌ಪ್ಲೇನ್!' ಮಾಡಿ ಹಾಲಿವುಡ್ಡನ್ನೇ ನಗಿಸಿದರು. ಅದು ಗೆದ್ದಿದ್ದರಿಂದಲೇ ಟಿವಿಯವರು ಕರೆದು 'ಪೊಲೀಸ್ ಸ್ಕ್ವಾಡ್!' ಮಾಡಲು ಕೊಟ್ಟಿದ್ದು.

'ನೇಕೆಡ್ ಗನ್' ಸಿನಿಮಾವನ್ನು ಡೇವಿಡ್ ಒಬ್ಬರೇ ನಿರ್ದೇಶಿಸಿದರು. ಬರವಣಿಗೆಯಲ್ಲಿ ಮೂವರ ಜೊತೆ ಪ್ಯಾಟ್ ಪ್ರಾಫ್ಟ್ ಸೇರಿಕೊಂಡರು. ಜೆರ್ರಿ ಝಕರ್ ಎರಡು ವರ್ಷ ಬಿಟ್ಟು 'ಘೋಸ್ಟ್' ನಿರ್ದೇಶಿಸಿದರು. ಹೌದು, ಎಲ್ಲರನ್ನೂ ಅಳಿಸಿದ ಆ ಘೋಸ್ಟೇ. ಜಿಮ್ ಅಬ್ರಹಾಮ್ಸ್ 2024ರ ನವೆಂಬರ್‌ನಲ್ಲಿ ತೀರಿಕೊಂಡರು.

ಅಷ್ಟು ಚೆನ್ನಾಗಿದ್ದರೆ ಸೀರಿಯಲ್ಲನ್ನು ನಿಲ್ಲಿಸಿದ್ದು ಯಾಕೆ?

ಇದಕ್ಕೆ ಸಿಕ್ಕ ಅಧಿಕೃತ ಉತ್ತರ ಸೀರಿಯಲ್ಲಿನ ಜೋಕುಗಳಿಗಿಂತ ಚೆನ್ನಾಗಿದೆ. ಚಾನೆಲ್‌ನ ಮನರಂಜನಾ ವಿಭಾಗದ ಮುಖ್ಯಸ್ಥ ಟೋನಿ ಥೊಮೊಪೌಲಸ್ ಕೊಟ್ಟ ಕಾರಣ ಏನು ಗೊತ್ತಾ? ಇದನ್ನು ಮೆಚ್ಚಬೇಕಾದರೆ ನೋಡುಗರು ಇದನ್ನು ನೋಡಬೇಕಾಗುತ್ತದೆ! ಟಿವಿ ಕಾರ್ಯಕ್ರಮವನ್ನು ನೋಡಬೇಕಾಗುತ್ತದೆ ಅನ್ನುವುದೇ ದೂರು.

ಕೇಳಿದ ತಕ್ಷಣ ನಗು ಬರುತ್ತದೆ. ಸ್ವಲ್ಪ ಯೋಚಿಸಿದರೆ ಆ ಮನುಷ್ಯ ಹೇಳಿದ್ದು ನಿಜ ಅನ್ನಿಸುತ್ತದೆ. ನಮ್ಮ ಮನೆಗಳಲ್ಲಿ ಸೀರಿಯಲ್ ನೋಡುವುದು ಹೇಗೆ? ಒಲೆ ಮೇಲೆ ಕುಕ್ಕರ್ ಇದೆ, ಮೂರನೇ ವಿಷಲ್ಲಿಗೆ ಎದ್ದು ಹೋಗಬೇಕು. ಬಟ್ಟೆ ಮಡಚುತ್ತಾ ಕಿವಿ ಆ ಕಡೆ ಕೊಟ್ಟಿರುತ್ತೇವೆ. ಅತ್ತೆ ಸೊಸೆಗೆ ಬೈದರೆ ಅಡುಗೆಮನೆಗೇ ಕೇಳಿಸುತ್ತದೆ, ಏನೂ ನಷ್ಟವಿಲ್ಲ. ಅಮೆರಿಕದಲ್ಲೂ ಟಿವಿ ಹೀಗೇ ನಡೆಯುತ್ತಿತ್ತು. ಕಾಮಿಡಿ ಅಂದರೆ ಹಿಂದಿನಿಂದ ಯಾರೋ ಜೋರಾಗಿ ನಗುವ ರೆಕಾರ್ಡು ಹಾಕುತ್ತಿದ್ದರು. ಆ ಸದ್ದು ಬಂದಾಗ ಇದು ಜೋಕು, ನಗಿ ಅಂತ ಅರ್ಥ.

'ಪೊಲೀಸ್ ಸ್ಕ್ವಾಡ್!'ನಲ್ಲಿ ಆ ನಗುವಿನ ರೆಕಾರ್ಡೇ ಇಲ್ಲ. ಮುಂದೆ ಇಬ್ಬರು ಪೊಲೀಸರು ಗಂಭೀರವಾಗಿ ಕೊಲೆ ಬಗ್ಗೆ ಮಾತಾಡುತ್ತಿರುತ್ತಾರೆ. ಜೋಕು ಅವರ ಹಿಂದಿನ ಕಿಟಕಿಯಲ್ಲಿ ನಡೆಯುತ್ತಿರುತ್ತದೆ. ಕಿವಿ ಕೊಟ್ಟರೆ ಇದೊಂದು ಸಪ್ಪೆ ಪತ್ತೇದಾರಿ ಸೀರಿಯಲ್. ಕಣ್ಣು ಕೊಟ್ಟರೆ ಮಾತ್ರ ಹುಚ್ಚರ ಸಂತೆ. ಕಣ್ಣು ಕೊಡುವಷ್ಟು ಪುರುಸೊತ್ತು ಜನಕ್ಕಿರಲಿಲ್ಲ, ಅಷ್ಟೇ.

ನನ್ನ ಲೆಕ್ಕದಲ್ಲಿ ಸಿನಿಮಾ ಗೆದ್ದಿದ್ದೂ ಇದೇ ಕಾರಣಕ್ಕೆ. ಥಿಯೇಟರಿನಲ್ಲಿ ಕತ್ತಲು. ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದೀರಿ. ಕುಕ್ಕರ್ ಇಲ್ಲ. ಪರದೆ ದೊಡ್ಡದು, ಹಿಂದಿನ ಕಿಟಕಿಯೂ ದೊಡ್ಡದು. ಟಿವಿಯಲ್ಲಿ ಯಾವುದು ತಪ್ಪಾಗಿತ್ತೋ ಅದೇ ಇಲ್ಲಿ ಬಂಡವಾಳವಾಯಿತು.

ಸೀರಿಯಲ್‌ನಲ್ಲಿ ಅಂಥದ್ದು ಏನಿತ್ತು?

ಶುರುವಿನಿಂದಲೇ ಹೇಳುತ್ತೇನೆ. ಟೈಟಲ್ ಬರುವಾಗ ಭಾರಿ ಗಂಟಲಿನವನೊಬ್ಬ ಸೀರಿಯಲ್ ಹೆಸರು ಹೇಳಿ, ಇದು ಬಣ್ಣದಲ್ಲಿದೆ ಅಂತ ಹೆಮ್ಮೆಯಿಂದ ಸಾರುತ್ತಾನೆ. 1960ರ ದಶಕದಲ್ಲಿ ಕಲರ್ ಟಿವಿ ಹೊಸತಾಗಿದ್ದಾಗ ಹಾಗೆ ಹೇಳುವ ರೂಢಿ ಇತ್ತು. 1982ರಲ್ಲಿ ಅದು ನಮ್ಮಲ್ಲಿ ಯಾರಾದರೂ ಈಗ ಮನೆ ಬಾಡಿಗೆ ಬೋರ್ಡಿನಲ್ಲಿ 'ಕರೆಂಟು ಉಂಟು' ಅಂತ ಬರೆದ ಹಾಗೆ.

ಆಮೇಲೆ ಆ ವಾರದ ಅತಿಥಿ ನಟನ ಹೆಸರು. ಬಹಳ ದೊಡ್ಡ ಹೆಸರು. ಪರದೆಯ ಮೇಲೆ ಮುಖ ಕಾಣಿಸಿದ ಕೂಡಲೇ ಅವನನ್ನು ಸಾಯಿಸಿಬಿಡುತ್ತಾರೆ. ಲಾರ್ನ್ ಗ್ರೀನ್‌ಗೆ ಚಾಕು ಹಾಕಿ ಓಡುವ ಕಾರಿನಿಂದ ಎಸೆಯುತ್ತಾರೆ. ರಾಬರ್ಟ್ ಗೌಲೆಯನ್ನು ಗೋಡೆಗೆ ನಿಲ್ಲಿಸಿ ಗುಂಡು ಹಾರಿಸುತ್ತಾರೆ. 'ಸ್ಟಾರ್ ಟ್ರೆಕ್'ನ ವಿಲಿಯಂ ಶಾಟ್ನರ್ ಗುಂಡಿನಿಂದ ಹೇಗೋ ತಪ್ಪಿಸಿಕೊಂಡು, ಅಬ್ಬ ಬದುಕಿದೆ ಅಂತ ಗ್ಲಾಸು ಎತ್ತಿ ಕುಡಿದರೆ ಅದರಲ್ಲಿ ವಿಷ. ಅಲ್ಲಿಗೆ ಅತಿಥಿ ಪಾತ್ರ ಮುಗಿಯಿತು, ಕಥೆಯಲ್ಲಿ ಆಮೇಲೆ ಅವರ ಸುದ್ದಿಯೇ ಇಲ್ಲ. ಕಾಮಿಡಿ ನಟ ಜಾನ್ ಬೆಲುಶಿಗೂ ಇಂಥದ್ದೊಂದು ಸಾವಿನ ದೃಶ್ಯ ಚಿತ್ರೀಕರಿಸಿದ್ದರು. ಸೀರಿಯಲ್ ಶುರುವಾದ ಮಾರನೇ ದಿನವೇ, ಮಾರ್ಚ್ 5ರಂದು, ಬೆಲುಶಿ ನಿಜವಾಗಿಯೇ ತೀರಿಕೊಂಡರು. ಆ ದೃಶ್ಯವನ್ನು ತೆಗೆದುಹಾಕಿದರು.

ಇನ್ನು ಕಂತಿನ ಹೆಸರು. ಪರದೆಯ ಮೇಲೆ ಒಂದು ಹೆಸರು ಬರುತ್ತದೆ, ಧ್ವನಿ ಇನ್ನೊಂದು ಹೆಸರು ಓದುತ್ತದೆ. ಇದನ್ನು ಯಾರೂ ತಿದ್ದುವುದಿಲ್ಲ. ಅಬ್ರಹಾಂ ಲಿಂಕನ್ ಪಾತ್ರ ಮಾಡಿದ ನಟನ ಹೆಸರು ಪ್ರತಿ ವಾರ ಬರುತ್ತದೆ. ಲಿಂಕನ್ ನಾಟಕ ನೋಡುತ್ತಾ ಕೂತಿರುತ್ತಾರೆ, ಗುಂಡು ಬಂದು ಟೋಪಿ ಹಾರುತ್ತದೆ, ಲಿಂಕನ್ ತಿರುಗಿ ತಾವೇ ಗುಂಡು ಹಾರಿಸುತ್ತಾರೆ. ಕಥೆಯಲ್ಲಿ ಲಿಂಕನ್ ಎಲ್ಲೂ ಇಲ್ಲ.

ನನಗೆ ಬಹಳ ಇಷ್ಟ ಬೂಟ್ ಪಾಲಿಶ್ ಮಾಡುವ ಜಾನಿ. ಪತ್ತೇದಾರ ಬಂದು ಕೊಲೆ ಬಗ್ಗೆ ಕೇಳುತ್ತಾನೆ. ಜಾನಿ ನಂಗೇನೂ ಗೊತ್ತಿಲ್ಲ ಅನ್ನುತ್ತಾನೆ. ಒಂದು ನೋಟು ಕೈಗಿಟ್ಟರೆ ಊರಿನ ಸಮಸ್ತ ಗುಟ್ಟನ್ನೂ ಬಿಚ್ಚಿಡುತ್ತಾನೆ. ಇದು ಎಲ್ಲ ಪೊಲೀಸ್ ಸೀರಿಯಲ್ಲಿನಲ್ಲೂ ಇರುವುದೇ. ಆದರೆ ಪತ್ತೇದಾರ ಎದ್ದು ಹೋದ ಮೇಲೆ ಅದೇ ಕುರ್ಚಿಗೆ ಆಪರೇಷನ್ ಬಟ್ಟೆಯಲ್ಲೇ ಇರುವ ಸರ್ಜನ್ ಬಂದು ಕೂರುತ್ತಾನೆ. ಹೃದಯದ ಶಸ್ತ್ರಚಿಕಿತ್ಸೆ ಬಗ್ಗೆ ಸಲಹೆ ಬೇಕು. ನಂಗೇನು ಗೊತ್ತು ಸ್ವಾಮಿ ಅನ್ನುತ್ತಾನೆ ಜಾನಿ. ನೋಟು ಬರುತ್ತದೆ. ಕೂಡಲೇ ಮೆಡಿಕಲ್ ಕಾಲೇಜಿನ ಪ್ರೊಫೆಸರ್ ಥರ ಶುರು ಮಾಡುತ್ತಾನೆ.

ಇನ್ನೊಂದು ಸಣ್ಣದು. ಪತ್ತೇದಾರ ಕಾರು ನಿಲ್ಲಿಸುವಾಗಲೆಲ್ಲ ಕಸದ ಡಬ್ಬಿಗೆ ಗುದ್ದುತ್ತಾನೆ. ಎಷ್ಟು ಡಬ್ಬಿ ಉರುಳಿತು ಅಂತ ಎಣಿಸಿ. ಅದು ಎಷ್ಟನೇ ಕಂತು ಅಂತ ಗೊತ್ತಾಗುತ್ತದೆ.

ಇದು ಯಾವುದರ ಅಣಕ?

ಹಳೇ ಅಮೆರಿಕನ್ ಪೊಲೀಸ್ ಸೀರಿಯಲ್ಲುಗಳದು. ಮುಖ್ಯವಾಗಿ ಲೀ ಮಾರ್ವಿನ್ ನಟಿಸಿದ 'ಎಂ ಸ್ಕ್ವಾಡ್' (1957–60). ಟೈಟಲ್ಲು, ಇರಾ ನ್ಯೂಬಾರ್ನ್ ಕೊಟ್ಟ ಭರ್ಜರಿ ಬ್ಯಾಂಡ್ ಸಂಗೀತ ಎಲ್ಲ ಅದರದೇ ಧಾಟಿ. ಮೂಲ ನೋಡಿರಬೇಕು ಅಂತೇನಿಲ್ಲ. ಟೋಪಿ, ಕೋಟು, ಮಳೆ, ಹಿನ್ನೆಲೆಯಲ್ಲಿ ಪತ್ತೇದಾರನ ಭಾರವಾದ ದನಿ. ಇಷ್ಟು ನಿಮಗೆ ಗೊತ್ತಿದ್ದರೆ ಸಾಕು.

'ಕಲ್ಟ್' ಅಂತ ಕರೆಯುವುದು ಯಾಕೆ? ಫ್ಲಾಪ್ ಆದದ್ದಲ್ವಾ?

ಫ್ಲಾಪ್ ಆದದ್ದಕ್ಕೇ ಕಲ್ಟ್. ಎಲ್ಲರೂ ನೋಡಿದ್ದರೆ ಬರೀ ಹಿಟ್ ಅನ್ನುತ್ತಿದ್ದರು. ನೋಡಿದ ಸ್ವಲ್ಪ ಜನ ಬಿಡಲಿಲ್ಲ. ಆರೂ ಕಂತು ವಿಡಿಯೋ ಕ್ಯಾಸೆಟ್ಟಿನಲ್ಲಿ ಬಂತು. ಕ್ಯಾಸೆಟ್ ಅಂದರೆ ನಿಲ್ಲಿಸಬಹುದು, ಹಿಂದೆ ಹೋಗಬಹುದು, ಗೆಳೆಯನಿಗೆ ತೋರಿಸಬಹುದು. ಹಿಂದಿನ ಕಿಟಕಿಯ ಜೋಕಿಗೆ ಇದಕ್ಕಿಂತ ಇನ್ನೇನು ಬೇಕು? ಸೀರಿಯಲ್ ಸತ್ತ ವರ್ಷವೇ ಲೆಸ್ಲಿ ನೀಲ್ಸನ್‌ಗೆ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಗೆ ನಾಮನಿರ್ದೇಶನವೂ ಬಂದಿತ್ತು. ಅಂದರೆ ತಿಳಿದವರಿಗೆ ತಿಳಿದಿತ್ತು.

ಸರಿ, ಸಿನಿಮಾದ ಕಥೆ ಏನು?

ಲಾಸ್ ಏಂಜಲೀಸ್‌ಗೆ ಇಂಗ್ಲೆಂಡಿನ ರಾಣಿ ಬರುತ್ತಾರೆ. ವಿನ್ಸೆಂಟ್ ಲಡ್ವಿಗ್ ಎಂಬ ದೊಡ್ಡ ಉದ್ಯಮಿ ಆಕೆಯನ್ನು ಕೊಲ್ಲಿಸಲು ಹೊಂಚು ಹಾಕಿದ್ದಾನೆ. ಪತ್ತೇದಾರ ಫ್ರ್ಯಾಂಕ್ ಡ್ರೆಬಿನ್ ಅದನ್ನು ತಡೆಯಬೇಕು. ನಡುವೆ ಲಡ್ವಿಗ್‌ನ ಆಫೀಸಿನ ಜೇನ್ ಜೊತೆ ಪ್ರೇಮ. ಕೊನೆಗೆ ಬೇಸ್‌ಬಾಲ್ ಮೈದಾನದಲ್ಲಿ ಎಲ್ಲ ಇತ್ಯರ್ಥ. ಇಷ್ಟೇ. ಕಥೆ ಬಟ್ಟೆ ಒಣಹಾಕುವ ತಂತಿ ಇದ್ದ ಹಾಗೆ. ತಂತಿ ನೋಡಲು ಯಾರೂ ಹಿತ್ತಿಲಿಗೆ ಹೋಗುವುದಿಲ್ಲ, ಆದರೆ ತಂತಿ ಗಟ್ಟಿಯಾಗಿರಬೇಕು.

ಈ ತಂತಿಯ ಮಾತು ಮುಖ್ಯ. ಇದೇ ತಂಡ 1984ರಲ್ಲಿ 'ಟಾಪ್ ಸೀಕ್ರೆಟ್!' ಮಾಡಿತ್ತು. ಜೋಕು ಬೇಕಾದಷ್ಟು, ತಂತಿ ಸಡಿಲ. 'ಏರ್‌ಪ್ಲೇನ್!'ನಷ್ಟು ಓಡಲಿಲ್ಲ. 'ನೇಕೆಡ್ ಗನ್'ನಲ್ಲಿ ಒಂದು ಪ್ರೇಮ, ಒಬ್ಬ ಖಳನಾಯಕ, ತಡೆಯಬೇಕಾದ ಒಂದು ಕೊಲೆ ಎಲ್ಲ ನೆಟ್ಟಗಿದೆ. 25 ನಿಮಿಷದ ಕಂತಿಗೆ ಇದೇನೂ ಬೇಕಾಗಿರಲಿಲ್ಲ. 85 ನಿಮಿಷ ಜನರನ್ನು ಕೂರಿಸಬೇಕಾದರೆ ಬೇಕೇ ಬೇಕು.

ಸೀರಿಯಲ್‌ನಿಂದ ಏನೇನು ಬಂತು, ಏನು ಬಿಟ್ಟರು?

ಬಂದದ್ದು: ಡ್ರೆಬಿನ್, ಅವನ ಹಿನ್ನೆಲೆ ಮಾತು, ನ್ಯೂಬಾರ್ನ್ ಸಂಗೀತ, ಪೊಲೀಸ್ ಲ್ಯಾಬಿನ ಟೆಡ್ ಓಲ್ಸನ್ (ಎರಡರಲ್ಲೂ ಎಡ್ ವಿಲಿಯಮ್ಸ್), ಮತ್ತು ಕಾರು ನಿಲ್ಲಿಸಲು ಬಾರದ ಕೈ.

ಬದಲಾದದ್ದು: ಕ್ಯಾಪ್ಟನ್ ಎಡ್ ಪಾತ್ರ ಅಲನ್ ನಾರ್ತ್ ಅವರಿಂದ ಆಸ್ಕರ್ ಗೆದ್ದಿದ್ದ ಜಾರ್ಜ್ ಕೆನಡಿಗೆ ಹೋಯಿತು. ಸೀರಿಯಲ್ಲಿನಲ್ಲಿ ಡ್ರೆಬಿನ್ ಜೊತೆಗಿದ್ದ ಪೊಲೀಸ್ ನಾರ್ಬರ್ಗ್ ಸಿನಿಮಾಕ್ಕೆ ಬರುವಾಗ ಹೆಸರಿನ ಮಧ್ಯೆ ಒಂದು 'ಡ್' ಸೇರಿಸಿಕೊಂಡು ನಾರ್ಡ್‌ಬರ್ಗ್ ಆದ.

ಅತಿಥಿಯನ್ನು ಸಾಯಿಸುವುದು, ಲಿಂಕನ್, ತಪ್ಪು ಹೆಸರು ಎಲ್ಲ ಬಿಟ್ಟರು. ಅವೆಲ್ಲ ಪ್ರತಿ ವಾರ ಬಂದರೆ ನಗು, ಒಂದೇ ಸಲ ಬಂದರೆ ಏನು ಬಂತು? ಬದಲಿಗೆ ಸಿನಿಮಾಕ್ಕೆ ಅಂತಲೇ ಹೊಸ ಟೈಟಲ್ ಮಾಡಿದರು. ಪೊಲೀಸ್ ಕಾರಿನ ಮೇಲಿನ ಕೆಂಪು ದೀಪದ ಹಿಂದೆ ಕ್ಯಾಮೆರಾ. ಕಾರು ರಸ್ತೆಯಲ್ಲಿ ಹೋಗುತ್ತದೆ. ಆಮೇಲೆ ಕಾರ್ ವಾಶ್ ಒಳಗೆ, ಹೆಂಗಸರು ಸ್ನಾನ ಮಾಡುವ ಕೋಣೆಗೆ, ರೋಲರ್ ಕೋಸ್ಟರ್ ಮೇಲೆ. ದೀಪ ಮಾತ್ರ ಸುತ್ತುತ್ತಲೇ ಇರುತ್ತದೆ.

ಲಂಚದ ಜೋಕನ್ನು ಹೇಗೆ ಬೆಳೆಸಿದ್ದಾರೆ ನೋಡಿ. ಸೀರಿಯಲ್‌ನಲ್ಲಿ ಜಾನಿಗೆ ನೋಟು ಕೊಡುವುದು ಗೊತ್ತಲ್ಲ? ಸಿನಿಮಾದಲ್ಲಿ ಡ್ರೆಬಿನ್ ಹಡಗುಕಟ್ಟೆಗೆ ಹೋಗಿ ಒಬ್ಬನನ್ನು ವಿಚಾರಿಸುತ್ತಾನೆ. ಅವನಿಗೆ ನೆನಪಿಲ್ಲ. ನೋಟು ಕೊಟ್ಟರೆ ನೆನಪಾಗುತ್ತದೆ. ಈಗ ಆ ಮನುಷ್ಯನಿಗೆ ಕುತೂಹಲ, ನಿಮಗ್ಯಾಕೆ ಇದೆಲ್ಲ ಅಂತ ಕೇಳುತ್ತಾನೆ. ಡ್ರೆಬಿನ್ ಹೇಳುವ ಹಾಗಿಲ್ಲ. ಆಗ ಅವನೇ ಡ್ರೆಬಿನ್‌ಗೆ ನೋಟು ಕೊಡುತ್ತಾನೆ! ಡ್ರೆಬಿನ್ ಬಾಯಿ ಬಿಡುತ್ತಾನೆ. ಹೀಗೆ ದುಡ್ಡು ಆ ಕಡೆ ಈ ಕಡೆ ಓಡಾಡುತ್ತದೆ. ಇಬ್ಬರ ಮುಖದಲ್ಲೂ ನಗು ಇಲ್ಲ. ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿದವರಿಗೆ ಈ ಜೋಕಿಗೆ ಅನುವಾದ ಬೇಡ.

ಲೆಸ್ಲಿ ನೀಲ್ಸನ್ ಮೊದಲಿನಿಂದಲೂ ಕಾಮಿಡಿ ನಟನಾ?

ಇಲ್ಲ. ಇಡೀ ಗುಟ್ಟು ಇರುವುದೇ ಇಲ್ಲಿ.

ನೀಲ್ಸನ್ ಕೆನಡಾದವರು. 1926ರಲ್ಲಿ ರೆಜೈನಾದಲ್ಲಿ ಹುಟ್ಟಿದ್ದು. ಅಪ್ಪ ಪೊಲೀಸ್, ಅದೂ ಕೆಂಪು ಕೋಟಿನ ಹೆಸರಾಂತ ಮೌಂಟೀಸ್ ಪಡೆಯವರು. ಅಣ್ಣ ಎರಿಕ್ ಕೆನಡಾದ ಉಪಪ್ರಧಾನಿ ಆದರು. ಒಟ್ಟಿನಲ್ಲಿ ಗಂಭೀರದ ಮನೆತನ. ನೀಲ್ಸನ್ ಮೂವತ್ತು ವರ್ಷ ಮಾಡಿದ್ದೂ ಗಂಭೀರ ಪಾತ್ರಗಳನ್ನೇ. 1956ರ 'ಫರ್ಬಿಡನ್ ಪ್ಲಾನೆಟ್'ನಲ್ಲಿ ಬಾಹ್ಯಾಕಾಶ ನೌಕೆಯ ಕಮಾಂಡರ್, ಹೀರೋ. 1972ರ 'ಪೊಸೈಡನ್ ಅಡ್ವೆಂಚರ್'ನಲ್ಲಿ ಮುಳುಗುವ ಹಡಗಿನ ಕ್ಯಾಪ್ಟನ್. ಮಧ್ಯೆ ಟಿವಿಯಲ್ಲಿ ಲೆಕ್ಕವಿಲ್ಲದಷ್ಟು ಡಾಕ್ಟರು, ವಕೀಲ, ಪೊಲೀಸು, ಖಳ.

'ಏರ್‌ಪ್ಲೇನ್!'ಗೆ ಆ ಮೂವರು ಗೆಳೆಯರು ಕಾಮಿಡಿ ನಟರನ್ನು ಹುಡುಕಲಿಲ್ಲ. ಜನ ಗಂಭೀರ ಅಂತ ನಂಬಿದ್ದ ಮುಖಗಳನ್ನು ಹುಡುಕಿದರು. ಆ ಸಿನಿಮಾವೇ 'ಝೀರೋ ಅವರ್!' ಎಂಬ 1957ರ ಗಂಭೀರ ವಿಮಾನದ ಕಥೆಯ ಹಕ್ಕು ಕೊಂಡು ಮಾಡಿದ್ದು. ನೀಲ್ಸನ್ ಅದರಲ್ಲಿ ಡಾಕ್ಟರ್. ಹುಚ್ಚು ಮಾತುಗಳನ್ನು ಕ್ಯಾನ್ಸರ್ ರಿಪೋರ್ಟ್ ಓದುವವರ ಹಾಗೆ ಹೇಳುತ್ತಾರೆ. ಕಣ್ಣು ಹೊಡೆಯುವುದಿಲ್ಲ, ಹಲ್ಲು ಕಿರಿಯುವುದಿಲ್ಲ.

ಡ್ರೆಬಿನ್ ಕೂಡ ಹಾಗೆಯೇ. ಅವನಿಗೆ ತಾನು ಕಾಮಿಡಿ ಸಿನಿಮಾದಲ್ಲಿ ಇದ್ದೇನೆ ಅಂತ ಗೊತ್ತೇ ಇಲ್ಲ. ಒಂದು ಪತ್ರಿಕಾಗೋಷ್ಠಿ ಇದೆ. ಮೇಯರಮ್ಮ ಮಾತಾಡುತ್ತಿದ್ದಾರೆ. ಡ್ರೆಬಿನ್ ತನ್ನ ಮಾತು ಮುಗಿಸಿ ಕೋಟಿಗೆ ಸಿಕ್ಕಿಸಿದ ಮೈಕು ತೆಗೆಯದೆ ಟಾಯ್ಲೆಟ್ಟಿಗೆ ಹೋಗುತ್ತಾನೆ. ಆಮೇಲಿನದನ್ನು ಇಡೀ ಸಭೆ ಸ್ಪೀಕರಿನಲ್ಲಿ ಕೇಳುತ್ತದೆ. ಬಹಳ ಹೊತ್ತು ಕೇಳುತ್ತದೆ. ಹಾಡಿನ ಸಮೇತ. ಅಗ್ಗದ ಜೋಕು, ಒಪ್ಪುತ್ತೇನೆ. ಆದರೆ ಮೇಯರ್ ಆಗಿರುವ ನ್ಯಾನ್ಸಿ ಮಾರ್ಚಂಡ್ ಭಾಷಣ ನಿಲ್ಲಿಸದೆ ಮುಖದ ಒಂದೊಂದೇ ನರ ಬಿಗಿಯುವುದನ್ನು ನೋಡಬೇಕು. ನಗು ಹುಟ್ಟುವುದು ಅಲ್ಲಿ. ತಿಥಿ ಮನೆಯಲ್ಲಿ ನಗು ತಡೆದುಕೊಂಡು ಒದ್ದಾಡಿದವರಿಗೆ ಗೊತ್ತು.

ಸಿನಿಮಾ ಬಂದಾಗ ನೀಲ್ಸನ್‌ಗೆ 62 ವರ್ಷ. ಆ ವಯಸ್ಸಿಗೆ ಸ್ಟಾರ್ ಆದರು. 2010ರ ನವೆಂಬರ್‌ನಲ್ಲಿ, 84ರಲ್ಲಿ, ಫ್ಲೋರಿಡಾದಲ್ಲಿ ತೀರಿಕೊಂಡರು. ನಿಜ ಜೀವನದಲ್ಲಿ ಹೂಸಿನ ಸದ್ದು ಮಾಡುವ ಪುಟ್ಟ ಸಾಧನವನ್ನು ಜೇಬಿನಲ್ಲಿಟ್ಟುಕೊಂಡು ಸಂದರ್ಶನಕ್ಕೆ ಹೋಗುತ್ತಿದ್ದರು. ಅವರ ಸಮಾಧಿ ಕಲ್ಲಿನ ಮೇಲೂ 'ಬಿಡು, ಜೋರಾಗಿ ಬಿಡು' ಎನ್ನುವ ಅರ್ಥದ ಮಾತೇ ಇದೆ.

ಆ ರಾಣಿ ನಿಜವಾದ ಎಲಿಜಬೆತ್ ರಾಣಿನಾ?

ಅಲ್ಲ ಮಾರಾಯ್ರೆ! ಜೆನೆಟ್ ಚಾರ್ಲ್ಸ್ ಅಂತ ನಟಿ. ರಾಣಿಯ ಹಾಗೆ ಕಾಣುವುದೇ ಅವರ ಕಸುಬಾಗಿತ್ತು. ಔತಣದ ಮೇಜಿನ ಮೇಲೆ ಡ್ರೆಬಿನ್ ರಾಣಿಯನ್ನು ಕಾಪಾಡಲು ಹಾರಿ, ಆಕೆಯ ಜೊತೆ ಉದ್ದಕ್ಕೂ ಜಾರಿಕೊಂಡು ಹೋಗುವ ದೃಶ್ಯ ಇದೆ. ನಿಜವಾದ ರಾಣಿ ಒಪ್ಪುತ್ತಿದ್ದರಾ ಹೇಳಿ.

ಬೇಸ್‌ಬಾಲ್ ಗೊತ್ತಿಲ್ಲ. ಕೊನೆ ಭಾಗ ಅರ್ಥವಾಗುತ್ತದಾ?

ಎರಡು ವಿಷಯ ಗೊತ್ತಿದ್ದರೆ ಸಾಕು. ಒಂದು, ಬ್ಯಾಟ್ ಹಿಡಿದವನ ಬೆನ್ನ ಹಿಂದೆ ಅಂಪೈರ್ ನಿಲ್ಲುತ್ತಾನೆ. ಎಸೆತ ಸರಿಯಿದ್ದೂ ಹೊಡೆಯದಿದ್ದರೆ ಸ್ಟ್ರೈಕ್ ಅಂತ ಕೂಗುತ್ತಾನೆ. ಎರಡು, ಏಳನೇ ಇನಿಂಗ್ಸ್ ನಡುವೆ ಜನ ಎದ್ದು ಮೈ ಮುರಿಯುವ ಪುಟ್ಟ ವಿರಾಮ ಇರುತ್ತದೆ. ರಾಣಿಯ ಮೇಲೆ ದಾಳಿ ಆ ವಿರಾಮದಲ್ಲಿ. ಆದ್ದರಿಂದ ಡ್ರೆಬಿನ್ ಅಂಪೈರ್ ವೇಷದಲ್ಲಿ ಹೋಗಿ ಆಟ ಮುಂದೆ ಹೋಗದಂತೆ ನೋಡಿಕೊಳ್ಳಬೇಕು.

ಮೊದಲ ಸ್ಟ್ರೈಕನ್ನು ಹೆದರುತ್ತಾ ಕೂಗುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ಎರಡನೆಯದಕ್ಕೆ ಕೈ ಬೀಸುತ್ತಾನೆ. ಆಮೇಲೆ ಕುಣಿಯುತ್ತಾನೆ. ನಮ್ಮೂರ ಟೆನಿಸ್ ಬಾಲ್ ಟೂರ್ನಿಯಲ್ಲಿ ಮೈಕು ಸಿಕ್ಕ ಕಾಮೆಂಟರಿ ಹುಡುಗನನ್ನು ನೆನೆಸಿಕೊಳ್ಳಿ, ಅದೇ ಕಥೆ. ಅದಕ್ಕೂ ಮೊದಲು ಒಬ್ಬ ಒಪೆರಾ ಗಾಯಕನ ವೇಷ ಹಾಕಿಕೊಂಡು ಅಮೆರಿಕದ ರಾಷ್ಟ್ರಗೀತೆ ಹಾಡುತ್ತಾನೆ. ಸಾಲು ಬರುವುದಿಲ್ಲ. ಬಾರದ ಸಾಲನ್ನು ಪೂರ್ತಿ ಧೈರ್ಯದಿಂದ ಹಾಡುತ್ತಾನೆ.

ಹಂತಕನಾಗಿ ಬರುವ ಆಟಗಾರ ರೆಜಿ ಜಾಕ್ಸನ್ ನಿಜವಾದ ಬೇಸ್‌ಬಾಲ್ ತಾರೆ. ಅಮೆರಿಕದವರಿಗೆ ಅವರು ಎಷ್ಟು ದೊಡ್ಡವರು ಅಂದರೆ, ನಮ್ಮಲ್ಲಿ ವಿಶ್ವನಾಥ್ ಫೀಲ್ಡಿಂಗ್ ಬಿಟ್ಟು ಮಂಕು ಕವಿದವರಂತೆ ಗನ್ ಹಿಡಿದು ವಿಐಪಿ ಗ್ಯಾಲರಿ ಕಡೆ ನಡೆದ ಹಾಗೆ.

ಇಂಗ್ಲಿಷ್ ಅಷ್ಟಾಗಿ ಬರದಿದ್ದರೆ ನಗು ಬರುತ್ತದಾ?

ಅರ್ಧಕ್ಕಿಂತ ಜಾಸ್ತಿ ಬರುತ್ತದೆ. ನಾರ್ಡ್‌ಬರ್ಗ್ ಹಡಗಿನಲ್ಲಿ ಕಳ್ಳರ ಕೋಣೆಗೆ ಒಬ್ಬನೇ ನುಗ್ಗುವ ದೃಶ್ಯಕ್ಕೆ ಭಾಷೆಯೇ ಬೇಡ. ಮೈಗೆಲ್ಲ ಗುಂಡು. ಸಾಯುವುದಿಲ್ಲ. ತಲೆ ಕೊಳವೆಗೆ ಬಡಿಯುತ್ತದೆ. ಆಸರೆಗೆ ಕೈ ಇಟ್ಟರೆ ಕಾದ ಒಲೆ. ಒರಗಿದರೆ ಹಸಿ ಪೇಂಟು. ಬೆರಳ ಮೇಲೆ ಕಿಟಕಿ. ಮುಖ ಕೇಕಿನೊಳಗೆ. ಕಾಲು ಕರಡಿ ಹಿಡಿಯುವ ಬೋನಿನಲ್ಲಿ. ಕೊನೆಗೆ ನೀರಿಗೆ. ಗುಂಡು ಬಿದ್ದಾಗ ಯಾರೂ ನಗುವುದಿಲ್ಲ, ಪೇಂಟಿಗೆ ಎಲ್ಲರೂ ನಗುತ್ತಾರೆ. ಯಾಕೆಂದರೆ ಗುಂಡು ನಮಗ್ಯಾರಿಗೂ ಬಿದ್ದಿಲ್ಲ, ಹಸಿ ಪೇಂಟು ಎಲ್ಲರಿಗೂ ಅಂಟಿದೆ.

ಮಾತಿನ ಜೋಕುಗಳಲ್ಲಿ ಎರಡು ಜಾತಿ. ಒಂದು, ಪದಕ್ಕೆ ಪದ ತೆಗೆದುಕೊಳ್ಳುವುದು. ಇದು ಕನ್ನಡಕ್ಕೂ ಸಲೀಸಾಗಿ ಬರುತ್ತದೆ. ಸೀರಿಯಲ್‌ನಲ್ಲಿ ಪ್ಯಾಕೆಟ್ ಮುಂದೆ ಚಾಚಿ ಸಿಗರೇಟಾ ಅಂತ ಕೇಳಿದರೆ, ಎದುರಿನವರು ನೋಡಿ ಹೌದು, ಸಿಗರೇಟೇ ಅಂತ ಖಾತ್ರಿ ಪಡಿಸುತ್ತಾರೆ. ಇನ್ನೊಂದು ಕಡೆ ಒಬ್ಬನಿಗೆ ಎರಡು ಪ್ರಶ್ನೆ: ನೀನು ಯಾರು, ಒಳಗೆ ಹೇಗೆ ಬಂದೆ? ಎರಡಕ್ಕೂ ಉತ್ತರ ಒಂದೇ. ಅವನು ಬೀಗ ರಿಪೇರಿಯವನು.

ಎರಡನೇ ಜಾತಿ ಒಂದೇ ಇಂಗ್ಲಿಷ್ ಪದಕ್ಕೆ ಎರಡು ಅರ್ಥ, ಅದರಲ್ಲೊಂದು ಪೋಲಿ. ಅದು ಹೇಳಿಕೊಟ್ಟರೆ ಅರ್ಥವಾಗುತ್ತದೆ, ನಗು ಬರುವುದಿಲ್ಲ. ಬಿಟ್ಟುಬಿಡಿ. ಹತ್ತು ಸೆಕೆಂಡಿನಲ್ಲಿ ಇನ್ನೊಂದು ಜೋಕು ಬರುತ್ತದೆ, ಬಸ್ಸು ತಪ್ಪಿದರೆ ಇನ್ನೊಂದು ಬಸ್ಸು.

ನಾನು ಮೊದಲ ಸಲ ನೋಡಿದ್ದು ಬಾಡಿಗೆ ವಿಸಿಡಿಯಲ್ಲಿ. ಎರಡನೇ ಡಿಸ್ಕಿನ ಕವರಿನಲ್ಲಿ ಅಂಗಡಿಯವರು ಬೇರೆ ಯಾವುದೋ ಯುದ್ಧದ ಸಿನಿಮಾ ಹಾಕಿಟ್ಟಿದ್ದರು. ಹತ್ತು ನಿಮಿಷ ನಾನೂ ತಮ್ಮನೂ ಇದೂ ಜೋಕೇ ಇರಬೇಕು ಅಂತ ನಗುತ್ತಾ ಕೂತಿದ್ದೆವು.

ನಾರ್ಡ್‌ಬರ್ಗ್ ಪಾತ್ರದವರು ಆ ಓ.ಜೆ. ಸಿಂಪ್ಸನ್ ಅವರೇನಾ?

ಹೌದು, ಅವರೇ. ಅಮೆರಿಕನ್ ಫುಟ್‌ಬಾಲ್ ತಾರೆ. ಮೂರನೇ ಭಾಗ ಬಂದದ್ದು 1994ರ ಮಾರ್ಚ್‌ನಲ್ಲಿ. ಅದೇ ಜೂನ್‌ನಲ್ಲಿ ಅವರ ಮಾಜಿ ಪತ್ನಿ ಮತ್ತು ಇನ್ನೊಬ್ಬರ ಕೊಲೆಯಾಯಿತು, ಆರೋಪ ಇವರ ಮೇಲೆ ಬಂತು. 1995ರಲ್ಲಿ ತೀರ್ಪುಗಾರರು ನಿರ್ದೋಷಿ ಎಂದರು. 1997ರಲ್ಲಿ ಸಿವಿಲ್ ಕೋರ್ಟು ಆ ಸಾವುಗಳಿಗೆ ಇವರೇ ಹೊಣೆ ಎಂದಿತು. 2024ರಲ್ಲಿ ತೀರಿಕೊಂಡರು. ಕೆಲವರಿಗೆ ಇವರ ದೃಶ್ಯಗಳನ್ನು ಈಗ ನೋಡಲಾಗುವುದಿಲ್ಲ. ಅದರಲ್ಲಿ ತಪ್ಪೇನಿಲ್ಲ. ನನಗೂ ಹಡಗಿನ ದೃಶ್ಯದಲ್ಲಿ ಈಗ ನಗು ಬರುತ್ತದೆ, ಬಂದದ್ದಕ್ಕೆ ಒಂಥರಾ ಆಗುತ್ತದೆ.

ಒಟ್ಟು ಎಷ್ಟು ಭಾಗ? ಯಾವುದು ಮೊದಲು?

1988, 1991, 1994, ಮತ್ತು 2025. ಎರಡನೆಯದರ ಹೆಸರು '2½', ಮೂರನೆಯದು '33⅓'. ಹಳೇ ಗ್ರಾಮಫೋನ್ ಎಲ್‌ಪಿ ತಟ್ಟೆ ನಿಮಿಷಕ್ಕೆ ಸುತ್ತುತ್ತಿದ್ದುದು ಅಷ್ಟೇ ಸಲ. ನಡುವಿನ ಮೂವತ್ತು ಭಾಗ ಎಲ್ಲಿ ಅಂತ ಹುಡುಕಬೇಡಿ.

1988ರದನ್ನು ಮೊದಲು ನೋಡಿ. ಇಷ್ಟವಾದರೆ ಸೀರಿಯಲ್ಲಿನ ಆರು ಕಂತು, ದಿನಕ್ಕೆ ಒಂದೇ. ಒಟ್ಟಿಗೆ ನೋಡಿದರೆ ಲಿಂಕನ್ ಸಪ್ಪೆಯಾಗುತ್ತಾರೆ. ಆಮೇಲೆ ಎರಡನೇ ಭಾಗ. ಅದರ ಖಳನಾಯಕ ರಾಬರ್ಟ್ ಗೌಲೆ, ಸೀರಿಯಲ್‌ನಲ್ಲಿ ಗೋಡೆಗೆ ನಿಲ್ಲಿಸಿ ಕೊಂದಿದ್ದರಲ್ಲ, ಅವರೇ. ಮೂರನೆಯದನ್ನು ಪೀಟರ್ ಸೀಗಲ್ ನಿರ್ದೇಶಿಸಿದರು. ಆಸ್ಕರ್ ಸಮಾರಂಭದ ಭಾಗ ಚೆನ್ನಾಗಿದೆ. ಉಳಿದದ್ದು, ಸುಮ್ನೆ ಹೇಳಬೇಕಂದರೆ, ಮಳೆ ಬರುವ ಭಾನುವಾರಕ್ಕೆ.

ನೀಲ್ಸನ್ ಗರ್ಭಿಣಿಯಾಗಿರುವ ಪೋಸ್ಟರ್ ನೋಡಿದೆ. ಫೋಟೋಶಾಪಾ?

ನಿಜವಾದ ಪೋಸ್ಟರೇ, ಮೂರನೇ ಭಾಗದ್ದು. ಸುಪ್ರೀಂ ಕೋರ್ಟಿನ ಒಂದು ಮೆಟ್ಟಿಲು ಕೆಳಗಿನವರೆಗೆ ಹೋಗಿ ಬಂದ ಪೋಸ್ಟರ್.

1991ರ ಆಗಸ್ಟ್‌ನಲ್ಲಿ 'ವ್ಯಾನಿಟಿ ಫೇರ್' ಪತ್ರಿಕೆಯ ಮುಖಪುಟದಲ್ಲಿ ತುಂಬು ಗರ್ಭಿಣಿ ಡೆಮಿ ಮೂರ್ ಅವರ ಬೆತ್ತಲೆ ಚಿತ್ರ ಬಂದಿತ್ತು. ತೆಗೆದವರು ಆನಿ ಲೀಬೊವಿಟ್ಜ್. ಈ ಸಿನಿಮಾದ ಪ್ಯಾರಾಮೌಂಟ್ ಕಂಪನಿ ಇನ್ನೊಬ್ಬ ಗರ್ಭಿಣಿಯನ್ನು ಅದೇ ಭಂಗಿಯಲ್ಲಿ, ಅದೇ ಬೆಳಕಿನಲ್ಲಿ ನಿಲ್ಲಿಸಿ ಫೋಟೋ ತೆಗೆಸಿತು. ಮೈಬಣ್ಣವನ್ನೂ ಕಂಪ್ಯೂಟರಿನಲ್ಲಿ ಹೊಂದಿಸಿ, ನೀಲ್ಸನ್ ಮುಖ ಕೂರಿಸಿತು. ಕೆಳಗೆ, ಮಾರ್ಚ್‌ಗೆ ಡೇಟ್ ಕೊಟ್ಟಿದ್ದಾರೆ ಎನ್ನುವ ಅರ್ಥದ ಸಾಲು. ಸಿನಿಮಾ ಬಿಡುಗಡೆಯೂ ಮಾರ್ಚ್‌ನಲ್ಲೇ.

ಲೀಬೊವಿಟ್ಜ್ ಹಕ್ಕುಸ್ವಾಮ್ಯದ ಕೇಸು ಹಾಕಿದರು, ಸೋತರು. 1998ರಲ್ಲಿ ಮೇಲ್ಮನವಿ ಕೋರ್ಟೂ ಇದು ಅಣಕ, ನ್ಯಾಯಯುತ ಬಳಕೆ (ಅನುಮತಿ ಇಲ್ಲದಿದ್ದರೂ ತಪ್ಪಲ್ಲ) ಅಂದಿತು. ಕೋರ್ಟು ಹಿಡಿದ ಎಳೆ ನನಗೆ ಬಹಳ ಹಿಡಿಸಿತು. ಮೂಲ ಚಿತ್ರದಲ್ಲಿ ಡೆಮಿ ಮೂರ್ ಮುಖ ಗಂಭೀರವಾಗಿದೆ. ಪೋಸ್ಟರಿನಲ್ಲಿ ನೀಲ್ಸನ್ ತುಂಟ ನಗೆ ನಗುತ್ತಿದ್ದಾರೆ. ಆ ವ್ಯತ್ಯಾಸವೇ ಮೂಲದ ಗಾಂಭೀರ್ಯವನ್ನು ಗೇಲಿ ಮಾಡುತ್ತದೆ ಅಂತ. ಸಿನಿಮಾದಲ್ಲಿ ತನ್ನ ಜೋಕಿಗೆ ಹಲ್ಲು ಬಿಡದೆ ಗೆದ್ದ ಮನುಷ್ಯ, ಕೋರ್ಟಿನಲ್ಲಿ ಗೆದ್ದದ್ದು ನಕ್ಕು.

ಮಕ್ಕಳ ಜೊತೆ ನೋಡಬಹುದಾ?

ಹೆಸರಿನಲ್ಲಿ 'ನೇಕೆಡ್' ಇದ್ದರೂ ಅಂಥದ್ದೇನಿಲ್ಲ. ಪೋಲಿ ಮಾತು ಇದೆ, ತಲೆಯಿಂದ ಕಾಲಿನವರೆಗೆ ಹಾಕಿಕೊಳ್ಳುವ ಕಾಂಡೋಮಿನ ಜೋಕಿದೆ. ಅಮೆರಿಕದಲ್ಲಿ ಪಿಜಿ-13 ಸರ್ಟಿಫಿಕೇಟ್. ಹೈಸ್ಕೂಲ್ ಮಕ್ಕಳಿಗೆ ಅಡ್ಡಿಯಿಲ್ಲ. ಅಪ್ಪ ಅಮ್ಮನ ಪಕ್ಕ ಕೂತು ನೋಡಲು ಮುಜುಗರ ಆಗುವುದು ನಿಮಗೇ. ಇನ್ನೊಂದು, ಶುರುವಿನ ಬೈರೂತ್ ದೃಶ್ಯದಲ್ಲಿ ಖೊಮೇನಿ, ಗಡಾಫಿ, ಅರಾಫತ್, ಗೋರ್ಬಚೆವ್ ಎಲ್ಲ ಒಂದೇ ಮೇಜಿಗೆ ಕೂತಿರುತ್ತಾರೆ. ಡ್ರೆಬಿನ್ ಗೋರ್ಬಚೆವ್ ಹಣೆಯ ಮಚ್ಚೆಯನ್ನು ಉಜ್ಜಿ ಒರೆಸಿಬಿಡುತ್ತಾನೆ. ಇವರೆಲ್ಲ ಯಾರು ಅಂತ ಇವತ್ತಿನ ಮಕ್ಕಳಿಗೆ ಹೇಳಬೇಕಾಗುತ್ತದೆ. ಆ ದೃಶ್ಯದ ರಾಜಕೀಯ ಇವತ್ತು ಒರಟಾಗಿಯೂ ಕಾಣುತ್ತದೆ.

2025ರದು ಹೇಗಿದೆ?

ಅಕೀವಾ ಶಾಫರ್ ನಿರ್ದೇಶನ. ನೀಸನ್ ಇಲ್ಲಿ ಫ್ರ್ಯಾಂಕ್ ಡ್ರೆಬಿನ್ ಜೂನಿಯರ್, ಜೊತೆಗೆ ಪಮೇಲಾ ಆಂಡರ್ಸನ್. ಆಯ್ಕೆ ಸರಿಯಾಗಿದೆ. 'ಷಿಂಡ್ಲರ್ಸ್ ಲಿಸ್ಟ್' ಮಾಡಿದವರು, ಆಮೇಲೆ ವರ್ಷಗಟ್ಟಲೆ ಫೋನಿನಲ್ಲಿ ಖಳರಿಗೆ ಬೆದರಿಕೆ ಹಾಕಿದವರು, ಅದೇ ದನಿಯಲ್ಲಿ ಹುಚ್ಚು ಮಾತಾಡುತ್ತಾರೆ. ಹಳೇ ಸೂತ್ರವೇ. ಪೊಲೀಸ್ ಠಾಣೆಯಲ್ಲಿ ಮಕ್ಕಳೆಲ್ಲ ತಂತಮ್ಮ ಅಪ್ಪಂದಿರ ಫೋಟೋ ಮುಂದೆ ಭಾವುಕರಾಗಿ ನಿಲ್ಲುತ್ತಾರೆ. ನಾರ್ಡ್‌ಬರ್ಗ್‌ನ ಮಗ ಅಪ್ಪನ ಫೋಟೋ ನೋಡುತ್ತಾನೆ, ಆಮೇಲೆ ನಮ್ಮ ಕಡೆ ತಿರುಗಿ ಸುಮ್ಮನೆ ತಲೆ ಅಲ್ಲಾಡಿಸುತ್ತಾನೆ. ಮಾತಿಲ್ಲ. ಆ ದೃಶ್ಯಕ್ಕೆ ನಾನು ಟಿಕೆಟ್ ದುಡ್ಡು ವಸೂಲಿ ಅಂದುಕೊಂಡೆ.

ಕಂತಿನ ಕೊನೆಯಲ್ಲಿ ವಿಡಿಯೋ ನಿಂತುಹೋಗುತ್ತದೆ. ನನ್ನ ಕಾಪಿ ಹಾಳಾಗಿದೆಯಾ?

ಹಾಳಾಗಿಲ್ಲ, ಚೆನ್ನಾಗಿದೆ. ಹಳೇ ಸೀರಿಯಲ್ಲುಗಳಲ್ಲಿ ಕೊನೆಗೆ ಎಲ್ಲರೂ ನಗುತ್ತಿರುವಾಗ ಚಿತ್ರವನ್ನು ಹಾಗೇ ನಿಲ್ಲಿಸಿ ಅದರ ಮೇಲೆ ಹೆಸರು ಹಾಯಿಸುತ್ತಿದ್ದರು. 'ಪೊಲೀಸ್ ಸ್ಕ್ವಾಡ್!'ನಲ್ಲಿ ಚಿತ್ರ ನಿಲ್ಲುವುದಿಲ್ಲ, ನಟರು ನಿಲ್ಲುತ್ತಾರೆ. ಉಸಿರು ಬಿಗಿಹಿಡಿದು ಬೊಂಬೆಗಳ ಹಾಗೆ. ಒಂದು ಕಂತಿನಲ್ಲಿ ಸಿಕ್ಕಿಬಿದ್ದ ಕಳ್ಳ ಮಾತ್ರ ನಿಂತಿಲ್ಲ. ಇವರಿಗೆಲ್ಲ ಏನಾಯಿತು ಅಂತ ಸುತ್ತ ನೋಡಿ, ಮೆಲ್ಲಗೆ ಓಡಿಹೋಗಲು ದಾರಿ ಹುಡುಕುತ್ತಾನೆ. ಇನ್ನೊಂದರಲ್ಲಿ ಎಡ್ ಕಪ್ಪಿಗೆ ಕಾಫಿ ಬಗ್ಗಿಸುತ್ತಿರುವಾಗಲೇ ಎಲ್ಲರೂ ಬೊಂಬೆಯಾಗುತ್ತಾರೆ. ಹೆಸರುಗಳು ಒಂದಾದ ಮೇಲೊಂದು ಬರುತ್ತವೆ. ಕಾಫಿ ಮಾತ್ರ ಬೀಳುತ್ತಲೇ ಇರುತ್ತದೆ, ಕಪ್ಪು ತುಂಬುತ್ತದೆ, ಉಕ್ಕಿ ಹರಿಯುತ್ತದೆ. ಎಡ್ ಕಣ್ಣು ಮಿಟುಕಿಸುವುದಿಲ್ಲ.